ಬೆಳ್ಳಿ ನೀರು ಹುಡುಕಿ ಹೊರಟ ಸಲೀಸಪ್ಪ

ಹೆತ್ತವರು ಇಟ್ಟ ಹೆಸರು ಸಂಬಳದ ಪಟ್ಟಿಯಲ್ಲಿ ಮಾತ್ರ ಉಳಿದಿತ್ತು. ಮಿಕ್ಕ ಕಡೆಯೆಲ್ಲ ಆತ ಸಲೀಸಪ್ಪ. ಯಾರು ಯಾವ ಕಷ್ಟ ಹೇಳಿಕೊಂಡರೂ ಪೂರ್ತಿ ಕೇಳುವ ಮೊದಲೇ "ಅದೇನು, ಸಲೀಸು" ಎನ್ನುವ ಚಟ ಅವನ ನಾಲಿಗೆಗೆ ಅಂಟಿಕೊಂಡಿತ್ತು. ಸೋರುವ ನಲ್ಲಿ ಸಲೀಸು, ನಿಂತ ಗಡಿಯಾರ ಸಲೀಸು, ಪಕ್ಕದ ಮನೆಯವರ ಮಗಳ ಗಣಿತವೂ ಸಲೀಸು. ಅವನು ಕೈಯಿಟ್ಟ ಮೇಲೆ ನಲ್ಲಿಯಿಂದ ನೀರು ಸೋರುವುದು ನಿಂತು ಧಾರಾಳವಾಗಿ ಸುರಿಯತೊಡಗಿತು, ಗಡಿಯಾರ ಹಿಂದಕ್ಕೆ ಓಡಿತು, ಹುಡುಗಿ ಗಣಿತ ಬಿಟ್ಟು ಚಿತ್ರಕಲೆ ತೆಗೆದುಕೊಂಡಳು. ಮನೆಯ ಮಿಕ್ಸರ್ ಅವನ ಕೈಯಲ್ಲಿ ಕೊನೆಯುಸಿರೆಳೆದ ದಿನ ಹೆಂಡತಿ ಸ್ಕ್ರೂಡ್ರೈವರನ್ನು ಅವನಿಂದ ಕಿತ್ತುಕೊಂಡು, ಇನ್ನು ಈ ಮನೆಯಲ್ಲಿ ರಿಪೇರಿ ಎಂಬ ಮಾತು ಎತ್ತಕೂಡದು ಎಂದು ಕಟ್ಟಪ್ಪಣೆ ಮಾಡಿದ್ದಳು.

ಅವನ ಉದ್ಯೋಗ ಬಸ್ ಡಿಪೋದಲ್ಲಿ, ಪ್ರಯಾಣಿಕರು ಮರೆತುಹೋದ ವಸ್ತುಗಳ ವಿಭಾಗದಲ್ಲಿ. ಮೆಟ್ಟಿಲ ಕೆಳಗಿನ ಉದ್ದ ಕೋಣೆ, ಗೋಡೆ ತುಂಬ ಕಪಾಟು. ಛತ್ರಿಗಳು, ಊಟದ ಡಬ್ಬಿಗಳು, ಒಂಟಿ ಚಪ್ಪಲಿಗಳು, ಯಾರದೋ ಹಲ್ಲಿನ ಸೆಟ್ಟು. ಇವುಗಳ ನಡುವೆ ಸಲೀಸಪ್ಪನೂ ಯಾರೋ ಮರೆತು ಬಿಟ್ಟುಹೋದವನಂತೆ ಕೂತಿರುತ್ತಿದ್ದ. ಡಿಪೋ ಮ್ಯಾನೇಜರರು ಆ ಕಡೆ ತಲೆ ಹಾಕುತ್ತಿದ್ದುದು ತಮ್ಮ ಛತ್ರಿ ಕಳೆದಾಗ ಮಾತ್ರ.

ಇಂಥವನಿಗೆ ಮಾವನಾಗಿ ಸಿಕ್ಕವರು ಬ್ಯಾಂಡ್ ಮಾಸ್ತರು. ಅಗ್ನಿಶಾಮಕ ದಳದ ವಾದ್ಯಮೇಳವನ್ನು ನಡೆಸಿ ನಿವೃತ್ತರಾದವರು. ನೆಟ್ಟಗೆ ನಿಲ್ಲುವವರು, ಅಳೆದು ಮಾತಾಡುವವರು. ಅಳಿಯನನ್ನು ಮೊದಲ ದಿನದಿಂದಲೂ "ನೀವು" ಎಂದೇ ಕರೆದರು. ಆ "ನೀವು" ಎಷ್ಟು ಮರ್ಯಾದೆಯದೆಂದರೆ, ಅದರೊಳಗೆ ಒಬ್ಬ ಮನುಷ್ಯ ಸುಖವಾಗಿ ಕೂರಲು ಜಾಗವೇ ಇರಲಿಲ್ಲ. ಹೆಂಡತಿ ತೀರಿಕೊಂಡ ಮೇಲೆ ಅವರು ಮಗನ ಮನೆಯ ಮಹಡಿಯಲ್ಲಿದ್ದರು. ಸಂಜೆ ಟ್ರಂಪೆಟ್ ಊದುವುದೊಂದೇ ಅವರ ಖುಷಿ.

ಒಂದು ಭಾನುವಾರ ಎಲ್ಲರೂ ಆ ಮನೆಯಲ್ಲಿ ಊಟಕ್ಕೆ ಸೇರಿದ್ದಾಗ ಮಾವನವರು ಟ್ರಂಪೆಟ್ ಊದುವುದನ್ನು ಬಿಟ್ಟಿರುವ ಸಂಗತಿ ಹೊರಬಿತ್ತು. ತುಟಿಗಿಟ್ಟು ಊದುವ ಪುಟ್ಟ ಬಟ್ಟಲಿನಂಥ ಭಾಗವನ್ನು ಅವರು ಮೂತಿ ಎನ್ನುತ್ತಿದ್ದರು. ಅದರ ಬೆಳ್ಳಿ ಲೇಪ ಸವೆದು ಹಿತ್ತಾಳೆ ಹೊರಬಂದಿತ್ತಂತೆ, ತುಟಿ ಉರಿದು ಗುಳ್ಳೆ ಏಳುತ್ತಿತ್ತಂತೆ. ಭಾವಮೈದುನ ಹೊಸದು ತರಿಸೋಣ ಎಂದ. ಇದರ ಅಳತೆಗೆ ತಮ್ಮ ತುಟಿ ಒಗ್ಗಿಹೋಗಿದೆ, ಬೇರೆಯದು ಬೇಡ ಎಂದರು ಮಾವ. ಹಾಗಾದರೆ ಲೇಪದ ಕಾರ್ಖಾನೆಗೆ ಕಳಿಸಿ ಬೆಳ್ಳಿ ನೀರು ಕುಡಿಸಿಕೊಂಡು ಬರೋಣ ಎಂದು ಭಾವಮೈದುನ ಹೇಳಿ ಬಾಯಿ ಮುಚ್ಚುವುದರೊಳಗೆ ನಮ್ಮ ಸಲೀಸಪ್ಪ ಬಾಯಿ ತೆರೆದಿದ್ದ.

"ಅದಕ್ಕೆ ಕಾರ್ಖಾನೆ ಯಾಕೆ? ಮನೆಯಲ್ಲೇ ಮಾಡಬಹುದು. ಅದೇನು, ಸಲೀಸು."

ಊಟದ ಮೇಜಿನ ಸುತ್ತ ಎಲ್ಲರೂ ತಲೆ ಎತ್ತಿದರು. ಹೆಂಡತಿ ಮೇಜಿನ ಕೆಳಗೆ ಅವನ ಕಾಲು ತುಳಿದಳು. ಆದರೆ ಮಾವನವರು ಮೊದಲ ಬಾರಿಗೆ ಅವನನ್ನು ಸ್ವಲ್ಪ ಹೆಚ್ಚು ಹೊತ್ತು ನೋಡಿ, ನಿಮಗೆ ಬರುತ್ತದೆಯೇ ಎಂದು ಕೇಳಿದರು. ಅವನಿಗೆ ಬರುತ್ತಿದ್ದುದು ಇಷ್ಟೇ: ಯಾರೋ ಒಂದು ಚಮಚಕ್ಕೆ ಲೇಪ ಹಾಕುವ ವಿಡಿಯೋವನ್ನು ಬಸ್ಸಿನಲ್ಲಿ ಪಕ್ಕದವರ ಫೋನಿನಲ್ಲಿ, ಶಬ್ದವಿಲ್ಲದೆ, ಅರ್ಧ ನೋಡಿದ್ದ. ಆದರೂ ಮುಂದಿನ ಭಾನುವಾರದೊಳಗೆ ಹೊಳೆಯುವ ಮೂತಿ ನಿಮ್ಮ ಕೈಯಲ್ಲಿರುತ್ತದೆ ಎಂದು ಮಾತು ಕೊಟ್ಟುಬಿಟ್ಟ. ಮಾವನವರು ಮೂತಿಯನ್ನು ಕರವಸ್ತ್ರದಲ್ಲಿ ಸುತ್ತಿ, ಮಗು ಒಪ್ಪಿಸುವಂತೆ ಒಪ್ಪಿಸಿದರು. ದಾರಿಯಲ್ಲಿ ಹೆಂಡತಿ, ಇದನ್ನು ನಾಳೆಯೇ ಕಾರ್ಖಾನೆಗೆ ಕೊಟ್ಟು ಬರತಕ್ಕದ್ದು, ಮನೆಯಲ್ಲೇನಾದರೂ ಮಾಡಿದಿರೋ ನಾನು ಮನೆ ಬಿಟ್ಟೆ ಎಂದಳು. ಅವನು ಆಗಲಿ ಎಂದ. ಮನಸ್ಸಿನಲ್ಲಿ ಮಾತ್ರ ಗುಟ್ಟಾಗಿ ಮುಗಿಸಿ ಎಲ್ಲರೂ ಬಾಯಿ ಬಿಡುವಂತೆ ಮಾಡುವ ಯೋಜನೆ ಆಗಲೇ ಕುದಿಯುತ್ತಿತ್ತು.

ಬೆಳಗಾದರೆ ಕಚೇರಿಗೆ ಹೋಗುವ ದಾರಿಯಲ್ಲಿ ರಾಸಾಯನಿಕದ ಅಂಗಡಿ. ಶಾಲೆಗಳ ಪ್ರಯೋಗಶಾಲೆಗೆ ಸಾಮಾನು ಒದಗಿಸುವ ಹಳೆಯ ಅಂಗಡಿಯದು. ಕಂದು ಬಣ್ಣದ ಸೀಸೆಗಳ ಹಿಂದೆ ದಪ್ಪ ಕನ್ನಡಕದ ಯಜಮಾನರು. ಬೆಳ್ಳಿ ನೀರಿಗೆ ಬೇಕಾದ ದ್ರಾವಣದ ಹೆಸರನ್ನು ಸಲೀಸಪ್ಪ ಎಲ್ಲೋ ಹುಡುಕಿ ಬಾಯಿಪಾಠ ಮಾಡಿಕೊಂಡಿದ್ದ. ಆ ಉದ್ದನೆಯ ಹೆಸರಿನ ಕೊನೆಯ ಪದ ಪತ್ತೇದಾರಿ ಕಥೆ ಓದುವವರೆಲ್ಲ ಬಲ್ಲಂಥದ್ದು. ಯಜಮಾನರ ಕೈಯಲ್ಲಿದ್ದ ಪೆನ್ನು ನಿಂತಿತು. ಇಂಥ ವಿಷವನ್ನು ಪರವಾನಗಿ ಇಲ್ಲದವರಿಗೆ ಕೊಡುವ ಹಾಗಿಲ್ಲ ಎಂದು ಹೇಳಬೇಕೆಂದವರು, ಎದುರಿಗಿದ್ದ ಬಾಡಿದ ಮುಖ ನೋಡಿ ಮಾತು ಬದಲಿಸಿದರು. ಆ ಮುಖ ಹುಟ್ಟಿನಿಂದಲೇ ಹಾಗಿತ್ತು ಎಂಬುದು ಅವರಿಗೇನು ಗೊತ್ತು?

"ಯಾವುದಕ್ಕೆ ಬೇಕಿತ್ತು?" ಎಂದರು ಮೆಲ್ಲಗೆ.

"ಮನೆಯಲ್ಲೇ ಮುಗಿಸಿಬಿಡೋಣ ಅಂತ."

"ಮನೆಯವರಿಗೆ ಗೊತ್ತಾ?"

"ಗೊತ್ತಾದ್ರೆ ಬಿಡ್ತಾರಾ? ಮುಗಿದ ಮೇಲೆ ತಾನಾಗೇ ಗೊತ್ತಾಗುತ್ತೆ."

"ಸ್ವಲ್ಪ ಯೋಚನೆ ಮಾಡಿದ್ರೆ ಬೇರೆ ದಾರಿ ಇರುತ್ತೆ ಸ್ವಾಮಿ."

"ಇಲ್ಲ, ಮಾವನೋರ ಮುಂದೆ ಮಾತು ಕೊಟ್ಟುಬಿಟ್ಟಿದ್ದೀನಿ. ಭಾನುವಾರದೊಳಗೆ ಆಗ್ಬೇಕು. ಒಂದು ಸಲ ಕುಡಿದ್ರೆ ಸಾಕಂತೆ, ಆಮೇಲೆ ಯಾವ ತೊಂದರೆಯೂ ಇರಲ್ಲ."

ಕುಡಿಯಬೇಕಾದದ್ದು ಮೂತಿ. ಆದರೆ ಸಲೀಸಪ್ಪ ಮೂತಿಯ ಹೆಸರೆತ್ತಲಿಲ್ಲ, ಯಜಮಾನರು ಅವನನ್ನೇ ನೋಡುತ್ತಿದ್ದರು. ಅವನನ್ನು ಕೂರಿಸಿ, ನೀರು ತರಿಸಿ ಕೊಟ್ಟು, ಮಕ್ಕಳು ಮರಿ ವಿಚಾರಿಸಿ, ಸರಕು ಸದ್ಯಕ್ಕಿಲ್ಲ, ಬಂದಾಗ ತಿಳಿಸುತ್ತೇನೆ ಎಂದು ಫೋನ್ ನಂಬರು ಕೇಳಿದರು. ಮನೆಯ ನಂಬರು ಕೊಟ್ಟರೆ ಗುಟ್ಟು ರಟ್ಟಾದೀತೆಂದು ಅವನು ಕಚೇರಿಯ ನಂಬರು ಕೊಟ್ಟ. ಇಂಥ ಸಜ್ಜನ ವ್ಯಾಪಾರಿ ಇನ್ನೆಲ್ಲೂ ಸಿಗಲಾರ ಎಂದುಕೊಂಡು ಹೊರಬಿದ್ದ. ಆದರೂ ಭಾನುವಾರದ ಗಡುವು ನೆನಪಿಗೆ ಬಂದು, ಹವ್ಯಾಸದ ಸಾಮಾನು ಮಾರುವ ಒಂದು ಕಂಪನಿಯಿಂದ ಲೇಪನದ ಪೆಟ್ಟಿಗೆಯೊಂದನ್ನು ಫೋನಿನಲ್ಲೇ ತರಿಸಲು ಹಾಕಿದ.

ಅವನು ಕಚೇರಿ ತಲುಪುವ ಮೊದಲೇ ಅಂಗಡಿಯ ಯಜಮಾನರ ಫೋನು ತಲುಪಿತ್ತು. ಅದನ್ನು ಎತ್ತಿದವರು ಡಿಪೋ ಮ್ಯಾನೇಜರು. ಅವರು ಸಲೀಸಪ್ಪನ ಹೆಂಡತಿಗೆ ಫೋನು ಮಾಡಿದರು. ಅವಳು ಎದುರು ಮನೆಯ ನಿವೃತ್ತ ನರ್ಸಮ್ಮನ ಬಳಿಗೆ ಓಡಿದಳು. ಇಂಥ ಹೊತ್ತಿನಲ್ಲಿ ಅವರನ್ನು ಏನೂ ಕೇಳಬಾರದು, ಒಂಟಿಯಾಗಿ ಬಿಡಬಾರದು, ಪ್ರೀತಿಯಿಂದ ನೋಡಿಕೊಳ್ಳಬೇಕು, ಆಮೇಲೆ ನಾನೇ ಹದ ನೋಡಿ ಡಾಕ್ಟರ ಹತ್ತಿರ ಕರೆದೊಯ್ಯುತ್ತೇನೆ ಎಂದು ನರ್ಸಮ್ಮ ಆದೇಶ ಕೊಟ್ಟರು. ಪ್ರೀತಿಯ ಕಾರ್ಯಾಚರಣೆ ಅಂದೇ ಶುರುವಾಯಿತು.

ಮ್ಯಾನೇಜರು ಮೆಟ್ಟಿಲ ಕೆಳಗಿನ ಕೋಣೆಗೆ ಬಂದು ಸಲೀಸಪ್ಪನ ಎದುರಿಗೆ ಸ್ಟೂಲಿನ ಮೇಲೆ ಕೂತರು. ನೀವಿಲ್ಲದಿದ್ದರೆ ಈ ವಿಭಾಗ ಒಂದು ದಿನವೂ ನಡೆಯದು ಎಂದರು. ಆ ವಿಭಾಗಕ್ಕೆ ಹಿಂದಿನ ವಾರ ಬಂದದ್ದು ಒಂದು ಬೆಕ್ಕು ಮಾತ್ರ. ಹೊರಡುವಾಗ ಲೆಕ್ಕಪರಿಶೋಧನೆ ಎಂದು ಗೊಣಗುತ್ತ ಕಪಾಟಿನಲ್ಲಿದ್ದ ಶೇವಿಂಗ್ ಸೆಟ್ಟುಗಳನ್ನೂ ಹಗ್ಗದ ಸುರುಳಿಯನ್ನೂ ತಾವೇ ಹೊತ್ತುಕೊಂಡು ಹೋದರು. ಇಷ್ಟು ದೊಡ್ಡ ಅಧಿಕಾರಿ ಹಗ್ಗ ಹೊರುವುದನ್ನು ನೋಡಿ ಸಲೀಸಪ್ಪನಿಗೆ ಅವರ ಮೇಲೆ ಗೌರವ ಹುಟ್ಟಿತು.

ಮನೆಯಲ್ಲಿ ಇನ್ನೂ ಸೊಗಸು. ಚಾಕುಗಳೆಲ್ಲ ಮಾಯವಾಗಿದ್ದವು, ಹಣ್ಣು ಹೆಚ್ಚಿಯೇ ಬರುತ್ತಿತ್ತು. ಬಚ್ಚಲುಮನೆಯ ಒಳಚಿಲಕ ಕಳಚಿತ್ತು. ಅವನು ಸ್ನಾನಕ್ಕೆ ಹೋದರೆ ಹೆಂಡತಿ ಹೊರಗೆ ಮಣೆ ಹಾಕಿಕೊಂಡು ಕೂತು, "ರೀ, ಏನಾದ್ರೂ ಹಾಡ್ತಾ ಸ್ನಾನ ಮಾಡಿ, ಕೇಳೋಕೆ ಹಿತವಾಗಿರುತ್ತೆ" ಎನ್ನುತ್ತಿದ್ದಳು. ಅವನ ಹಾಡು ಹಿತವೆಂದವರು ಈ ಭೂಮಿಯ ಮೇಲೆ ಅದುವರೆಗೆ ಯಾರೂ ಇರಲಿಲ್ಲ. ಅವನು ಗಂಟಲು ಬಿಚ್ಚಿ ಹಾಡಿದ. ಸೋಪು ಕಣ್ಣಿಗೆ ಹೋಗಿ ಒಂದು ಕ್ಷಣ ನಿಲ್ಲಿಸಿದರೆ ಬಾಗಿಲು ದಡಬಡ ಬಡಿಯುತ್ತಿತ್ತು. ನರ್ಸಮ್ಮ ದಿನಾ ಬಂದು ಕೈ ಹಿಡಿದು ನಾಡಿ ನೋಡುವ ನೆಪದಲ್ಲಿ ಅವನ ಗುಣಗಾನ ಮಾಡುತ್ತಿದ್ದರು. ಗುಣ ಹುಡುಕಲು ಪಾಪ ಆಕೆಗೂ ಕಷ್ಟವೇ. "ನೀವು ಚಪ್ಪಲಿ ಯಾವಾಗ್ಲೂ ಜೋಡಿಯಾಗಿ ಬಿಡ್ತೀರಿ, ಅದು ದೊಡ್ಡ ಗುಣ" ಎಂದರು ಒಂದು ದಿನ. ಭಾವಮೈದುನ ವರ್ಷಗಟ್ಟಲೆ ಇಲ್ಲದ ಅಕ್ಕರೆಯಿಂದ ಬಂದು ಚದುರಂಗ ಆಡಿ, ಸೋಲಲೆಂದೇ ಬೆವರು ಸುರಿಸಿ ಸೋತು ಹೋದ.

ಬುಧವಾರ ಸಲೀಸಪ್ಪನಿಗೆ ಕಾರಣ ತಿಳಿಯಿತು. ಹಿತ್ತಿಲ ಬಾಗಿಲಿನಿಂದ ಬರುತ್ತಿದ್ದಾಗ ಅಡುಗೆಮನೆಯ ಕಿಟಕಿಯಲ್ಲಿ ನರ್ಸಮ್ಮನ ದನಿ ಕೇಳಿತು. ಅಂಗಡಿ, ವಿಷ, ಭಾನುವಾರ. ಒಂದೊಂದೇ ಪದ ಬಂದು ತಲೆಯೊಳಗೆ ತನ್ನ ಜಾಗದಲ್ಲಿ ಕೂತಿತು. ಮೊದಲು ನಗು ಬಂತು. ಒಳಗೆ ನುಗ್ಗಿ, ಅಯ್ಯೋ ನಿಮ್ಮ, ಅದು ಟ್ರಂಪೆಟ್ಟಿಗೆ ಎಂದು ಹೇಳಲು ಬಾಯಿ ತೆರೆದೇಬಿಟ್ಟಿದ್ದ. ಅಷ್ಟರಲ್ಲಿ ಹೆಂಡತಿ ತಿರುಗಿ ನೋಡಿದಳು. ಓಡಿಬಂದು ಅವನ ಕೈಗೆ ಬಿಸಿ ಹಾಲಿನ ಲೋಟ ಕೊಟ್ಟು, ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ನೀವಿದ್ರೆ ಸಾಕು ರೀ ನಂಗೆ. ಮಿಕ್ಸರ್ ಹೋದ್ರೆ ಹೋಗ್ಲಿ."

ಮದುವೆಯಾದ ಇಷ್ಟು ಕಾಲದಲ್ಲಿ ಅವಳು ಅಂಥ ಮಾತಾಡಿದ್ದಿಲ್ಲ. ಸಲೀಸಪ್ಪ ಹಾಲು ಕುಡಿದ. ನಾಳೆ ಹೇಳಿದರಾಯಿತು, ಅದೇನು ಸಲೀಸು ಎಂದುಕೊಂಡ.

ಆದರೆ ಮರುದಿನ ಅವನು ಹೇಳಲಿಲ್ಲ, ನಿಟ್ಟುಸಿರುಬಿಟ್ಟ. ಅವನ ನಿಟ್ಟುಸಿರಿನ ಬಗ್ಗೆ ಎರಡು ಮಾತು ಹೇಳಲೇಬೇಕು. ಸಣ್ಣದೊಂದು ನಿಟ್ಟುಸಿರಿಗೆ ಕಾಫಿ ಬರುತ್ತಿತ್ತು. ಕಿಟಕಿಯ ಹೊರಗೆ ನೋಡುತ್ತ ಬಿಟ್ಟ ದೀರ್ಘ ನಿಟ್ಟುಸಿರಿಗೆ ಹೆಂಡತಿ ಬಂದು ಪಕ್ಕದಲ್ಲಿ ಕೂರುತ್ತಿದ್ದಳು. ಕಚೇರಿಯಲ್ಲಿ ತಲೆಯ ಮೇಲೆ ಕೈಹೊತ್ತು ಬಿಟ್ಟ ನಿಟ್ಟುಸಿರಿಗೆ ಮ್ಯಾನೇಜರು ತಮ್ಮ ಗಾಲಿಯ ಕುರ್ಚಿಯನ್ನೇ ಕಳಿಸಿಕೊಟ್ಟರು. ಯಾವ ರಿಪೇರಿಯೂ ಕೈಗೆ ಹತ್ತದ ಮನುಷ್ಯನಿಗೆ ಕೊನೆಗೂ ಒಂದು ಕಸುಬು ಸಿದ್ಧಿಸಿತ್ತು. ಅವನ ಜಾಗದಲ್ಲಿ ಯಾರಿದ್ದರೂ ಇಷ್ಟು ಸುಖವನ್ನು ಒಂದೇ ಮಾತಿನಿಂದ ಒದ್ದು ಬೀಳಿಸುತ್ತಿದ್ದರೆ? ಬೀಳಿಸಬೇಕಿತ್ತು. ಅದೇ ದಿನ ಬೀಳಿಸಿದ್ದರೆ ಎಲ್ಲರೂ ಒಂದಷ್ಟು ಬೈದು ಮರೆಯುತ್ತಿದ್ದರು.

ಶುಕ್ರವಾರ ಸಂಜೆ ಮಾವನವರು ಬಂದರು. ಒಂದು ಕೈಯಲ್ಲಿ ಬಟ್ಟೆಯ ಚೀಲ, ಇನ್ನೊಂದರಲ್ಲಿ ಟ್ರಂಪೆಟ್ಟಿನ ಪೆಟ್ಟಿಗೆ. ಮಗಳ ಹತ್ತಿರ ಏನೂ ಮಾತಾಡದೆ, "ಮೇಲೆ ಗಾಳಿ ಇರುತ್ತೆ, ಬನ್ನಿ" ಎಂದು ಅಳಿಯನನ್ನು ತಾರಸಿಗೆ ಕರೆದುಕೊಂಡು ಹೋದರು. ತಂತಿಯ ಮೇಲೆ ಹೊದಿಕೆಗಳು ಒಣಗುತ್ತಿದ್ದವು. ಅವುಗಳ ನೆರಳಿನಲ್ಲಿ ನೀರಿನ ತೊಟ್ಟಿಯ ಕಟ್ಟೆಯ ಮೇಲೆ ಇಬ್ಬರೂ ಕೂತರು. ಸಲೀಸಪ್ಪ ಅಭ್ಯಾಸಬಲದಿಂದ ಒಂದು ನಿಟ್ಟುಸಿರುಬಿಟ್ಟ. ಮಾವನವರು ಅವನ ಬೆನ್ನ ಮೇಲೆ ಕೈಯಿಟ್ಟರು.

"ನೋಡು ಮಗಾ," ಎಂದರು. "ನಿಂಗೊಂದು ವಿಷಯ ಹೇಳ್ತೀನಿ. ನನ್ನ ಮಕ್ಕಳಿಗೆ ಗೊತ್ತಿಲ್ಲ ಇದು."

ಮಗಾ ಎಂಬ ಮಾತಿಗೆ ಸಲೀಸಪ್ಪನ ಎದೆ ಉಬ್ಬಿಹೋಯಿತು. ಆ ಉಬ್ಬಿನಲ್ಲಿ ಮುಂದಿನ ಒಂದೆರಡು ಮಾತು ಸರಿಯಾಗಿ ಕಿವಿಗೆ ಬೀಳಲೂ ಇಲ್ಲ. ಬಿದ್ದಾಗ ಉಬ್ಬು ಇಳಿಯತೊಡಗಿತು.

ಅತ್ತೆಯವರು ತೀರಿಕೊಂಡ ವರ್ಷ, ಇನ್ನೂ ಕೆಲಸದಲ್ಲಿದ್ದ ಮಾವನವರು ಒಂದು ಬೆಳಿಗ್ಗೆ ಅಗ್ನಿಶಾಮಕ ಠಾಣೆಯ ಹಿಂದಿನ ತರಬೇತಿ ಗೋಪುರ ಹತ್ತಿದ್ದರು. ಏಣಿ ಹತ್ತಿ ಇಳಿಯುವುದನ್ನು ಹೊಸಬರಿಗೆ ಕಲಿಸುವ ಎತ್ತರದ ಗೋಪುರ. ಇಳಿಯುವ ಯೋಚನೆ ಇರಲಿಲ್ಲ ಎಂದರು. ಷೂಗಳನ್ನು ಬಿಚ್ಚಿ ಪಕ್ಕದಲ್ಲಿ ಇಟ್ಟಿದ್ದರಂತೆ. ಅಷ್ಟರಲ್ಲಿ ಕೆಳಗಿನಿಂದ ಮೇಳದವನೊಬ್ಬ, ಮೇಷ್ಟ್ರೇ, ನನ್ನ ಟ್ರಂಪೆಟ್ಟಿನ ಒತ್ತುವ ಕೀಲಿ ಅಂಟಿಕೊಂಡಿದೆ, ಸ್ವಲ್ಪ ನೋಡಿಕೊಡಿ ಎಂದು ಕೂಗಿದನಂತೆ. ಅವನಿಗೆ ಏನೂ ಗೊತ್ತಿರಲಿಲ್ಲ. ಇವರು ಷೂ ಹಾಕಿಕೊಂಡು ಇಳಿದು ಬಂದರು. ಕೀಲಿ ಬಿಚ್ಚಿ, ಒರೆಸಿ, ಎಣ್ಣೆ ಬಿಟ್ಟುಕೊಟ್ಟರು. ಅಷ್ಟು ಹೊತ್ತಿಗೆ ತಿಂಡಿಯ ವೇಳೆ ಆಗಿತ್ತು.

"ದೊಡ್ಡ ಕಾರಣಕ್ಕೆ ಏನೂ ಇಳಿಲಿಲ್ಲ ಕಣೋ. ಒಂದು ಕೀಲಿಗೋಸ್ಕರ ಇಳಿದೆ. ಆವತ್ತಿಗೆ ಅಷ್ಟೇ ಸಾಕಾಯ್ತು. ಮಾರನೇ ದಿನಕ್ಕೆ ಇನ್ನೇನೋ ಸಿಕ್ತು." ಆಮೇಲೆ ಹೇಳಿದರು: "ನನ್ನ ಮೂತಿ ನಿನ್ನ ಹತ್ರ ಇದೆಯಲ್ಲ. ಅದನ್ನ ನೀನೇ ಮಾಡಿಕೊಡ್ಬೇಕು. ಬೇರೆ ಯಾರೂ ಮಾಡೋದು ಬೇಡ. ಎಷ್ಟು ದಿನ ಆದ್ರೂ ಕಾಯ್ತೀನಿ."

ಸಲೀಸಪ್ಪನ ಕಣ್ಣಲ್ಲಿ ನೀರು ಬಂತು. ಆ ವಾರದಲ್ಲಿ ಅವನಿಂದ ಬಂದ ಒಂದೇ ಒಂದು ನಿಜವಾದ ದುಃಖ ಅದು. ಈಗಲೇ ಹೇಳಿಬಿಡು ಎಂದು ಒಳಗಿನಿಂದ ಏನೋ ದೂಡುತ್ತಿತ್ತು. ಮಾವ, ನಾನು ಸಾಯಲು ಹೊರಟಿರಲಿಲ್ಲ, ನಿಮ್ಮ ಮೂತಿಗೇ ನೀರು ಹುಡುಕುತ್ತಿದ್ದೆ, ಇಷ್ಟೇ ಮಾತು. ಆದರೆ ಅದನ್ನು ಹೇಳಿದರೆ, ಇಷ್ಟು ಹೊತ್ತು ಈ ಮುದುಕರು ಎದೆಯಿಂದ ಕಿತ್ತು ಕೊಟ್ಟದ್ದನ್ನು ಎಲ್ಲಿ ಇಡುವುದು? ಅವನು ಬಿಕ್ಕಿದ. ಮಾವನವರು ಅವನ ತಲೆಯನ್ನು ಭುಜಕ್ಕೆ ಒರಗಿಸಿಕೊಂಡರು.

ಭಾನುವಾರ ಬೆಳಿಗ್ಗೆಯೇ ಮನೆ ತುಂಬಿತ್ತು. ಗಡುವಿನ ದಿನವಲ್ಲವೇ? ಭಾವಮೈದುನ, ಅವನ ಹೆಂಡತಿ, ನರ್ಸಮ್ಮ, ರಜೆಯಾದರೂ ಬಂದ ಮ್ಯಾನೇಜರು, ಎಲ್ಲರೂ ಸುಮ್ಮನೆ ಈ ಕಡೆ ಬಂದಿದ್ದೆವು ಎಂಬ ಮುಖ ಹೊತ್ತು ಕೂತಿದ್ದರು. ಮಾವನವರು ಕಿಟಕಿಯ ಬಳಿ ಇದ್ದರು. ಆಗ ಕೊರಿಯರಿನವನು ಸಲೀಸಪ್ಪನ ಹೆಸರಿಗೆ ಒಂದು ಪೆಟ್ಟಿಗೆ ತಂದ. ಪೆಟ್ಟಿಗೆಯ ಮೇಲೆ, ಒಳಗೆ ದ್ರವವಿದೆ, ಜೋಪಾನ ಎಂದು ಅಚ್ಚಾಗಿತ್ತು.

ನರ್ಸಮ್ಮ ತಮ್ಮ ವಯಸ್ಸು ಮರೆತು ಹಾರಿ ಅದನ್ನು ಕಿತ್ತುಕೊಂಡರು. ಮ್ಯಾನೇಜರು ಸಲೀಸಪ್ಪನನ್ನು ಹಿಂದಿನಿಂದ ತಬ್ಬಿ ಹಿಡಿದರು. ಹೆಂಡತಿ ಅವನ ಕಾಲ ಬಳಿ ಕುಸಿದಳು. ಗದ್ದಲದಲ್ಲಿ ಪೆಟ್ಟಿಗೆ ಕೆಳಗೆ ಬಿದ್ದು ಒಡೆದು ಒಂದು ಸೀಸೆ, ಎರಡು ತಂತಿ, ಒಂದು ಪುಟ್ಟ ಬ್ಯಾಟರಿ, ಕೈಗವಸು, ಬಣ್ಣದ ಚಿತ್ರಗಳ ಒಂದು ಹಾಳೆ ಉರುಳಿದವು. ಭಾವಮೈದುನ ಹಾಳೆ ಎತ್ತಿ ಗಟ್ಟಿಯಾಗಿ ಓದಿದ. ಮನೆಯಲ್ಲೇ ಚಮಚ, ಬೀಗ, ಗುಂಡಿಗಳಿಗೆ ಲೇಪ ಹಾಕಿ ಮನೆಯವರನ್ನು ಬೆರಗುಗೊಳಿಸಿ ಎಂದಿತ್ತು.

ಮೊದಲು ನಕ್ಕವರು ಮ್ಯಾನೇಜರು, ಸಲೀಸಪ್ಪನನ್ನು ತಬ್ಬಿಕೊಂಡಿದ್ದ ಹಾಗೆಯೇ. ಆಮೇಲೆ ಇಡೀ ಮನೆ ನಕ್ಕಿತು. ಹೆಂಡತಿ ಅಳುತ್ತಲೇ ನಕ್ಕಳು. ಅಂಗಡಿಯಲ್ಲಿ ನಡೆದ ಮಾತನ್ನು ಅವನ ಬಾಯಿಂದ ಕೇಳಿ ಇನ್ನೊಮ್ಮೆ ನಕ್ಕರು. ಭಾವಮೈದುನ ಕಣ್ಣೊರೆಸಿಕೊಳ್ಳುತ್ತ, "ಪಾಪ, ನಾವು ಹೀಗೆಲ್ಲ ಅಂದ್ಕೊಂಡಿದ್ದು ಭಾವನಿಗೆ ಗೊತ್ತೇ ಆಗಿಲ್ಲ. ಅಷ್ಟು ಮುಗ್ಧ" ಎಂದ.

ಅಲ್ಲಿಗೆ ಬಾಯಿ ಮುಚ್ಚಿಕೊಂಡಿದ್ದರೆ ಎಲ್ಲವೂ ಮುಗಿಯುತ್ತಿತ್ತು. ಮುಗ್ಧ ಎಂಬ ಮಾತನ್ನು ಸಲೀಸಪ್ಪ ದಡ್ಡ ಎಂದು ಕೇಳಿಸಿಕೊಂಡ. ಮ್ಯಾನೇಜರ ಎದುರಿಗೆ ದಡ್ಡನಾಗಲು ಅವನಿಗೆ ಇಷ್ಟವಿರಲಿಲ್ಲ.

"ಗೊತ್ತಿಲ್ಲದೆ ಏನು? ಬುಧವಾರವೇ ಗೊತ್ತಾಯ್ತು ನಂಗೆ. ಸುಮ್ನೆ ನೋಡ್ತಾ ಇದ್ದೆ."

ಅಂದ ಕೂಡಲೇ ಅವನಿಗೇ ಅದು ಕೇಳಿಸಿತು. ನಗು ಅಲ್ಲಲ್ಲೇ ನಿಂತಿತು. ಹೆಂಡತಿ ಎದ್ದು ನಿಂತು, ಬಚ್ಚಲುಮನೆಯ ಬಾಗಿಲಲ್ಲಿ ಕೂತು ನಾನು ಅಳುತ್ತಿದ್ದುದು ಒಳಗೆ ಕೇಳಿಸುತ್ತಿತ್ತೇ ಎಂದು ಕೇಳಿದಳು. ಅವನು ನೋಡುತ್ತಿದ್ದುದು ಕಿಟಕಿಯ ಕಡೆ.

"ಬುಧವಾರವೇ?" ಎಂದರು ಮಾವ.

ಅಷ್ಟೇ ಕೇಳಿದ್ದು. ಸಿಟ್ಟಿನ ದನಿಯೇನೂ ಅಲ್ಲ, ರೈಲಿನ ವೇಳೆ ಕೇಳಿದಂತೆ. ಆಮೇಲೆ ಬಟ್ಟೆಯ ಚೀಲ ತುಂಬಿಕೊಂಡು, ಟ್ರಂಪೆಟ್ಟಿನ ಪೆಟ್ಟಿಗೆ ಎತ್ತಿಕೊಂಡು, ಷೂಗಳ ದಾರವನ್ನು ನಿಧಾನವಾಗಿ ಕಟ್ಟಿಕೊಂಡು ಹೊರಟರು. ಸಲೀಸಪ್ಪ ಗೇಟಿನವರೆಗೆ ಓಡಿದ. ಅವರು ತಿರುಗಲಿಲ್ಲ.

ಹೆಂಡತಿ ಕೆಲವು ವಾರ ಮಾತು ಬಿಟ್ಟು, ಆಮೇಲೆ ಬೈಯಲು ಶುರುಮಾಡಿ, ಬೈಯುತ್ತ ಬೈಯುತ್ತ ಮೊದಲಿನಂತಾದಳು. ಚಾಕುಗಳು ವಾಪಸು ಬಂದವು, ಮ್ಯಾನೇಜರ ಕುರ್ಚಿ ವಾಪಸು ಹೋಯಿತು. ನರ್ಸಮ್ಮ ಅವನ ಚಪ್ಪಲಿಯ ಬಗ್ಗೆ ಮತ್ತೆ ಮಾತಾಡಲಿಲ್ಲ. ಸಲೀಸಪ್ಪ ಪೆಟ್ಟಿಗೆಯ ಸಾಮಾನಿನಿಂದ ಮೂತಿಗೆ ಲೇಪ ಹಾಕಲು ಕೂತ. ನೀನೇ ಮಾಡಬೇಕೆಂದು ಮಾವ ಹೇಳಿದ್ದರಲ್ಲ. ಅದು ಸುಟ್ಟ ಬದನೆಕಾಯಿಯ ಬಣ್ಣಕ್ಕೆ ತಿರುಗಿತು. ಕೊನೆಗೆ ಅದನ್ನು ಲೇಪದ ಕಾರ್ಖಾನೆಗೆ ಒಯ್ದು, ಕಪ್ಪನ್ನು ಉಜ್ಜಿಸಿ ತೆಗೆಸಿ, ಬೆಳ್ಳಿ ನೀರು ಕುಡಿಸಿ ತಂದ. ಭಾವಮೈದುನನ ಮಹಡಿ ಹತ್ತಿ ಕೊಟ್ಟ. ಮಾವನವರು ಬೆಳಕಿಗೆ ಹಿಡಿದು ನೋಡಿದರು. "ಚೆನ್ನಾಗಿ ಮಾಡಿಸಿದ್ದೀರಿ. ನಿಮಗೆ ತೊಂದರೆ ಆಯ್ತು" ಎಂದರು. ಕೂರಲು ಕುರ್ಚಿ ತೋರಿಸಿದರು. ಅವನು ಕೂತ. ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತುಗಳಲ್ಲಿ ಒಂದೂ ಹೊರಡಲಿಲ್ಲ. ಸ್ವಲ್ಪ ಹೊತ್ತಿಗೆ ಅವರು, ಕಚೇರಿಗೆ ಹೊತ್ತಾಗಬಹುದು ಎಂದು ನೆನಪಿಸಿದರು.

ಅಪ್ಪ ಯಾಕೆ ಈಗ ನಮ್ಮ ಮನೆಗೆ ಬರುವುದಿಲ್ಲ ಎಂದು ಹೆಂಡತಿ ಹಲವು ಸಲ ಕೇಳಿದಳು. ತಮಾಷೆಗೆ ಇಷ್ಟೊಂದು ಸಿಟ್ಟೇ, ಬೇರೆಯವರೆಲ್ಲ ಮರೆತಿಲ್ಲವೇ ಎಂದಳು. ಕಾರಣ ಹೇಳಬೇಕಾದರೆ ತಾರಸಿಯ ಮಾತನ್ನು ಹೇಳಬೇಕು. ಅವನು, ಮೂತಿಯನ್ನು ಮೊದಲು ಕಪ್ಪು ಮಾಡಿಬಿಟ್ಟೆನಲ್ಲ, ಅದಕ್ಕೇ ಎಂದ. ಆ ಕಾರಣ ಎಲ್ಲರಿಗೂ ಒಪ್ಪಿಗೆಯಾಯಿತು. ಸಲೀಸಪ್ಪನ ಕೈಗುಣ ಗೊತ್ತಿದ್ದವರು ಅನುಮಾನಿಸುವ ಮಾತೇ ಇರಲಿಲ್ಲ. ಮಾತಿನ ಮೇಲೆ ಹಿಡಿತವಿಲ್ಲದ ಆ ಮನುಷ್ಯ ಅದೊಂದನ್ನು ಮಾತ್ರ ಯಾರಿಗೂ ಬಿಟ್ಟುಕೊಡಲಿಲ್ಲ.

ಮುಂದೆ ಭಾವಮೈದುನನ ಮನೆಯಲ್ಲೊಂದು ಊಟ. ನೆಂಟರೆಲ್ಲ ಸೇರಿದ್ದರು. ಮಾವನವರು ಮೇಜಿನ ಆ ತುದಿಯಲ್ಲಿ, ಇವನು ಈ ತುದಿಯಲ್ಲಿ. ಅಂಗಡಿಯ ಕಥೆ ಕೇಳದವರು ಕೆಲವರಿದ್ದರು, ಸಲೀಸಪ್ಪ ಅವರಿಗಾಗಿ ಹೇಳಬೇಕಾಯಿತು. ಒಂದು ಸಲ ಕುಡಿದರೆ ಸಾಕಂತೆ ಎಂಬಲ್ಲಿಗೆ ಬಂದಾಗ ಒಬ್ಬರಿಗೆ ಕೆಮ್ಮು ಹತ್ತುವಷ್ಟು ನಗು. ಮಾವನವರು ತಟ್ಟೆ ಸರಿಸಿ ಕೈತೊಳೆಯಲು ಎದ್ದುಹೋದರು. ಅವನೂ ಊಟ ಅರ್ಧಕ್ಕೆ ಬಿಟ್ಟು ಹಿಂದೆಯೇ ಹೋದ.

ನಲ್ಲಿಯ ಮುಂದೆ ಇಬ್ಬರೇ. ಅವರು ಕನ್ನಡಿಯ ಕಡೆ ನೋಡದೆ, ಬೆರಳುಗಳನ್ನು ತೊಳೆಯುತ್ತ ಕೇಳಿದರು.

"ನನ್ನ ಮಗಳಿಗೆ ಗೊತ್ತಾ?"

"ಇಲ್ಲ ಮಾವ."

"ಬೇರೆ ಯಾರಿಗಾದರೂ?"

"ಯಾರಿಗೂ ಹೇಳಿಲ್ಲ."

ಅವರು ತಲೆಯಾಡಿಸಿದರು. ಕೈ ಒರೆಸಿಕೊಂಡು, ಟವೆಲ್ಲನ್ನು ಮಡಿಸಿ ಅವನ ಕಡೆ ಚಾಚಿದರು. "ತೊಗೊಳ್ಳಿ" ಎಂದು ಹೇಳಿ, ಮೆಟ್ಟಿಲು ಹತ್ತಿ ತಮ್ಮ ಕೋಣೆಗೆ ಹೋದರು. ಸಲೀಸಪ್ಪ ಟವೆಲ್ ಹಿಡಿದು ಕೆಳಗೇ ನಿಂತ. ಮೇಲೆ ಬಾಗಿಲು ಹಾಕಿಕೊಂಡ ಸದ್ದಾಯಿತು.

ಒಳಗಿನಿಂದ ಭಾವಮೈದುನ ಕರೆದ. ಯಾರೋ ತಡವಾಗಿ ಬಂದಿದ್ದಾರಂತೆ, ಅಂಗಡಿಯವರ ಭಾಗವನ್ನು ಇನ್ನೊಮ್ಮೆ ಹೇಳಬೇಕಂತೆ. ಸಲೀಸಪ್ಪ ಕೈ ಒರೆಸಿಕೊಂಡು ಹೋಗಿ, ಮೊದಲಿನಿಂದ ಹೇಳಿದ.